ಅತ್ತೆಯ ಗಿರಣಿಗೆ ಹೋದ ನನ್ನ ಬ್ಯಾಟರಿ

ನಮ್ಮ ಸೋದರತ್ತೆಯನ್ನು ಕಳ್ಳಿ ಎಂದು ಕರೆಯಲು ನನಗೆ ಪೂರ್ತಿ ಹಕ್ಕಿದೆ. ಹಾಗೆಂದರೆ ಗುಡೂರಿನ ಜನ ನನ್ನನ್ನೇ ಬೈದಾರು. ಅವರಿಗೆ ಹಿಟ್ಟು ಬೀಸಿ ಕೊಡುವವಳು ಅವಳು. ಆದರೆ ಬ್ಯಾಟರಿ ಹೋದದ್ದು ಅವರದಲ್ಲ, ನನ್ನದು!

ಎಪ್ಪತ್ತರ ದಶಕದ ಕೊನೆಯ ಮಾತು. ಅತ್ತೆಯ ಗಿರಣಿಗೆ ಒಂದು ಮುದಿ ಡೀಸೆಲ್ ಇಂಜಿನ್ನಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಅದಕ್ಕೆ ಜೀವ. ಒಂದು ಚಳಿಗಾಲದ ಬೆಳಿಗ್ಗೆ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಾವನ ಬಲಗೈ ಮುರಿಯಿತು. ಮೂಳೆ ಕೂಡಿತು, ಬಲ ಬರಲಿಲ್ಲ. ಬೀಸಲು ಬಂದ ಗಂಡಸರೇ ಹ್ಯಾಂಡಲ್ ತಿರುಗಿಸತೊಡಗಿದರು. ಅದಕ್ಕೊಬ್ಬ ಗಟ್ಟಿ ಆಳನ್ನು ಇಟ್ಟುಕೋ ಎಂದು ನಾವೆಲ್ಲ ಹೇಳಿದೆವು. ಊರಲ್ಲಿ ತೋಳಿರುವವರಿಗೆ ಬರವೇ? ಅತ್ತೆ ಕೇಳಲಿಲ್ಲ. ಲಾರಿಯಂತೆ ಗುಂಡಿ ಒತ್ತಿದರೆ ಇಂಜಿನ್ ಹೊರಡಬೇಕು ಎಂದು ಹಟ ಹಿಡಿದಳು. ಇಳಕಲ್ಲಿನ ಗುಜರಿಯಿಂದ ಹಳೆಯ ಲಾರಿಯ ಸ್ಟಾರ್ಟರ್ ತಂದಳು. ಅಲ್ಲಿ ಕಬ್ಬಿಣ ಕಡೆಯುವ ಲೇಥಿನವನನ್ನು ಕಾಡಿ, ಸ್ಟಾರ್ಟರ್ ಕಚ್ಚಿ ತಿರುಗಿಸಲೆಂದು ಇಂಜಿನ್ನಿನ ಗಾಲಿಗೆ ಹಲ್ಲಿನ ಬಳೆ ಹಾಕಿಸಿದಳು. ಬ್ಯಾಟರಿ ಬೇಕಾದಾಗ ಹುನಗುಂದಕ್ಕೆ, ನಮ್ಮ ಮನೆಗೆ ಬಂದಳು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಟ್ರ್ಯಾಕ್ಟರಿನ ಬ್ಯಾಟರಿ ಬಸ್ಸು ಹತ್ತಿತ್ತು. ಅದರ ಜಾಗದಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿ! ಅಂದು ನಾನು ಬಾಗಲಕೋಟೆಗೆ ಹತ್ತಿ ಸಾಗಿಸಬೇಕಿತ್ತು. ಚಟ್ನಿಯಿಂದ ಟ್ರ್ಯಾಕ್ಟರು ಹೊರಡುತ್ತದೆಯೇ? ಓಣಿಯವರೆಲ್ಲ ಸೇರಿ ತಳ್ಳಿದರು. ತಳ್ಳಿದವರೆಲ್ಲ ಚಟ್ನಿ ತಿಂದು ಹೋದರು. ನನಗೆ ಡಬ್ಬಿ ಉಳಿಯಿತು.

ಮರುದಿನ ಉರಿದುಕೊಂಡು ಗುಡೂರಿಗೆ ಹೋದೆ. ಕಂಡದ್ದೇನು? ಇಂಜಿನ್ ಕೌದಿ ಹೊದ್ದು ಮಲಗಿತ್ತು! ನಮ್ಮ ಅವ್ವ ಹಳೆಯ ಇಳಕಲ್ ಸೀರೆಗಳನ್ನು ಜೋಡಿಸಿ ನಾದಿನಿಗೆಂದು ಹೊಲಿದ ಕೌದಿ. ಚಳಿಗೆ ಆಯಿಲ್ ಗಟ್ಟಿಯಾಗುತ್ತದಂತೆ, ಇಂಜಿನ್ ಬೆಚ್ಚಗಿರಬೇಕಂತೆ. ನನ್ನ ಬ್ಯಾಟರಿಯೋ, ದೂರದ ಗೋಡೆಯ ಗೂಡಿನಲ್ಲಿ ವಿಭೂತಿ ಹಚ್ಚಿಕೊಂಡು ದೇವರ ಪಕ್ಕ ಕೂತಿತ್ತು. ಅಲ್ಲಿಂದ ಇಂಜಿನ್ನಿನವರೆಗೆ ಉದ್ದನೆಯ ಸಣ್ಣ ವೈರು. ಗುಂಡಿ ಒತ್ತಿದರೆ ವೈರು ಬಿಸಿಯಾಗುತ್ತಿತ್ತು, ಸ್ಟಾರ್ಟರ್ ನರಳುತ್ತಿತ್ತು, ಇಂಜಿನ್ ಮಾತ್ರ ಏಳುತ್ತಿರಲಿಲ್ಲ.

ನನ್ನ ಬ್ಯಾಟರಿ ಕೊಡು ಎಂದೆ.

"ಅತ್ತಿ ಮನಿಗೆ ಬಂದೈತಿ, ಎರಡ ದಿನಾ ಇರ್ಲಿ ಬಿಡೊ," ಎಂದಳು.

ನಾನು ಅದನ್ನು ಎತ್ತಿಕೊಂಡು ನಡೆದೆ. ಅತ್ತೆ ಇನ್ನೊಂದು ಬದಿ ಹಿಡಿದಳು. ಎಳೆದಾಡುತ್ತ ಇಂಜಿನ್ನಿನ ಬಳಿ ಬರುವಷ್ಟರಲ್ಲಿ ಇಬ್ಬರಿಗೂ ಏದುಸಿರು, ಅಲ್ಲೇ ಇಳಿಸಿದೆವು. ಅದೇ ಹೊತ್ತಿಗೆ ಬಂದ ಲೇಥಿನವನು, ಬ್ಯಾಟರಿ ಇಲ್ಲಿಗೆ ತಂದದ್ದು ಭಾಳ ಚಲೋ ಆಯಿತು, ಈಗ ಗಿಡ್ಡನೆಯ ದಪ್ಪ ಕೇಬಲ್ ಸಾಕು ಎಂದ. ಇಂಜಿನ್ನಿನ ಮೈಮೇಲಿನ ತುಕ್ಕು ಕೆರೆದು, ಕಬ್ಬಿಣ ಹೊಳೆಯುವ ಕಡೆ ಬ್ಯಾಟರಿಯ ಅರ್ತಿಂಗ್ ತಂತಿ ಬಿಗಿದ. ಸಿಟ್ಟು ನನ್ನದು, ಲಾಭ ಅವಳದು. ಇದ್ಯಾವ ನ್ಯಾಯ?

ಈಗ ಒತ್ತಿ ನೋಡಿರೆಂದು ಅವನು ಹೇಳಿದಾಗ ಅತ್ತೆ ಒತ್ತಲಿಲ್ಲ. ಹೊರಗಿನ ಕಟ್ಟೆಯತ್ತ ನಡೆದಳು. ಅಲ್ಲಿ ಮಾವ ಕೂತಿದ್ದರು. ತಮ್ಮ ಇಂಜಿನ್ನನ್ನು ಬೇರೆಯವರು ತಿರುಗಿಸುವುದನ್ನು ನೋಡಲಾರದೆ, ಕೈ ಮುರಿದಾಗಿನಿಂದ ಅವರು ಗಿರಣಿಯೊಳಗೆ ಕಾಲಿಟ್ಟಿರಲಿಲ್ಲ.

"ಏಳ್ರಿ," ಎಂದಳು. "ನಿಮ್ಮ ಗಿರಣಿ ನೀವ ಚಾಲೂ ಮಾಡ್ರಿ."

ಮಾವ ಬಂದು, ಆ ಬಲಗೈಯ ಹೆಬ್ಬೆರಳಿನಿಂದಲೇ ಗುಂಡಿ ಒತ್ತಿದರು. ಇಂಜಿನ್ ಒಮ್ಮೆ ಕೆಮ್ಮಿ, ಹೊಗೆ ಉಗುಳಿ, ಓಡತೊಡಗಿತು. ಅವರು ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಇಂಜಿನ್ನಿನ ಸದ್ದನ್ನೂ ಮೀರಿಸಿ ಕೂಗಿದರು:

"ಯಾರದೈತಿ ಪಾಳಿ? ಬರ್ರಿ."

ಎಲ್ಲರಿಗಿಂತ ಮೊದಲು ಅತ್ತೆಯೇ ಜೋಳದ ಬುಟ್ಟಿ ಎತ್ತಿಕೊಂಡು, ಪರವೂರಿನಿಂದ ಬೀಸಲು ಬಂದವಳ ಹಾಗೆ, ಅವರ ಮುಂದೆ ನಿಂತಳು.