ಹನ್ನೆರಡು ಸೊನ್ನೆ ಮತ್ತು ನಮ್ಮಪ್ಪ

ಸೊನ್ನೆಗೆ ಬೆಲೆಯಿಲ್ಲ ಎನ್ನುವವರನ್ನು ಕಂಡರೆ ನನಗೆ ಕನಿಕರ. ಅವರು ಭೌತಶಾಸ್ತ್ರದ ಪಾಠ ಮಾಡಿಲ್ಲ, ಅಷ್ಟೇ. ದಾವಣಗೆರೆಯಲ್ಲಿ ನಾನು ವರ್ಷಗಟ್ಟಲೆ ಅದನ್ನೇ ಮಾಡಿದವನು. ಹುಲಿಗೆ ಹೆದರುತ್ತೇನೋ ಇಲ್ಲವೋ, ಇನ್ನೂ ಎದುರಾಗಿಲ್ಲವಾದ್ದರಿಂದ ಹೇಳಲಾರೆ. ಸೊನ್ನೆಗೆ ಮಾತ್ರ ಹೆದರುತ್ತೇನೆ. ಶಕ್ತಿಯನ್ನು ಅಳೆಯುವ ಪಾಠ ಬಂತೆಂದರೆ ಸೊನ್ನೆಗಳು ಇರುವೆ ಸಾಲಿನಂತೆ ಹೊರಡುತ್ತವೆ. ಎರ್ಗ್ ಎಂಬುದೊಂದು ಅಳತೆ ಇದೆ. ಒಂದು ಮಂಡಕ್ಕಿ ಕಾಳನ್ನು ಅರ್ಧ ಮಿಲಿಮೀಟರು ಮೇಲೆತ್ತಿದರೆ ಸುಮಾರು ಒಂದು ಎರ್ಗ್ ಖರ್ಚಾಯಿತು. ಇದೇ ಇಷ್ಟು ಸಣ್ಣದಾಯಿತಲ್ಲ ಎಂದುಕೊಂಡರೆ, ಇದರೊಳಗೆ ಅರವತ್ತೆರಡು ಸಾವಿರ ಕೋಟಿ ಎಲೆಕ್ಟ್ರಾನ್ ವೋಲ್ಟುಗಳು ಕೂತಿರುತ್ತವೆ. ಇತ್ತ ಮನೆಯ ಮೀಟರಿನಲ್ಲಿ ಒಂದು ಯೂನಿಟ್ ತಿರುಗಿತೆಂದರೆ ಮೂವತ್ತಾರು ಲಕ್ಷ ಕೋಟಿ ಎರ್ಗ್! ಪಿ.ಜೆ. ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಆ ಮೀಟರಿನ ಕೆಳಗೆ ಚಪ್ಪಲಿ ಬಿಡುವಾಗಲೆಲ್ಲ, ದೇವರ ಗೂಡಿನ ಕೆಳಗೆ ಬಿಟ್ಟ ಹಾಗೆ ನನ್ನ ಮೈ ಜುಂ ಎನ್ನುತ್ತಿತ್ತು. ಹೆಂಡತಿಗೆ ಇದನ್ನು ವಿವರಿಸಿದೆ. "ಅಷ್ಟು ಭಕ್ತಿ ಇದ್ರೆ ಬಚ್ಚಲ ಲೈಟ್ ಆರಿಸಿ ಬರ್ರಿ" ಎಂದಳು.

ನಮ್ಮಪ್ಪನಿಗಂತೂ ನನ್ನದು ಕೆಲಸವೆಂದೇ ಅನ್ನಿಸಿರಲಿಲ್ಲ. ಅವನು ಮಂಡಿಪೇಟೆಯಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದವನು. ಚೀಲ ಎತ್ತುವುದು, ಅದು ಮುಗಿದರೆ ಕಾಳು ಅಳೆಯುವುದು. ಅಕ್ಷರ ಬಾರದು, ಆದರೆ ಸೇರು ಹಿಡಿದು ಕೂತನೆಂದರೆ ಪಕ್ಕದಲ್ಲೇ ಹೊಡೆದಾಟವಾದರೂ ಎಣಿಕೆ ತಪ್ಪಿದ್ದಿಲ್ಲ. ನಮ್ಮ ಕಡೆ ಅಳೆಯುವವರು ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ನಾನು ಎಣಿಸಲು ಕಲಿತದ್ದೂ ಅವನ ಪಕ್ಕದಲ್ಲಿ ಕೂತು, ಹಾಗೆಯೇ. "ದಿನಾ ಬರೀ ಮಾತಾಡಿ ಬರ್ತೀಯಲ್ಲೋ, ಅದಕ್ಕೆ ಸಂಬ್ಳ ಬ್ಯಾರೆ ಕೊಡ್ತಾರಾ?" ಎಂದು ಅವನು ಕೇಳುತ್ತಿದ್ದುದು ತಮಾಷೆಗಲ್ಲ, ನಿಜವಾದ ಸೋಜಿಗದಿಂದ. 'ನಿಂದೂ ಕೆಲಸನೇ' ಎಂದು ಅವನ ಬಾಯಿಂದ ಒಂದು ಸಲ ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ ಒಳಗೊಳಗೇ ಇತ್ತು.

ಹರಿಹರದ ಕಾರ್ಖಾನೆಯೊಂದರ ಕೆಲಸಗಾರರ ಸಂಘದವರು ಒಂದು ಭಾನುವಾರ ಭಾಷಣಕ್ಕೆ ಕರೆದಾಗ ಈ ಆಸೆ ಚಿಗುರಿತು. ಅಪ್ಪನನ್ನೂ ರೈಲು ಹತ್ತಿಸಿಕೊಂಡು ಹೋದೆ. ಅವನನ್ನು ಮುಂದಿನ ಸಾಲಿನಲ್ಲಿ ಇಬ್ಬರು ಇಂಜಿನಿಯರುಗಳ ನಡುವೆ ಕೂರಿಸಿದರು. "ಒಂದು ಯೂನಿಟ್ ಕರೆಂಟಿನ ಶಕ್ತಿಯಲ್ಲಿ ಕ್ವಿಂಟಲ್ ತೂಕದ ಚೀಲಗಳನ್ನು ಸೊಂಟದೆತ್ತರಕ್ಕೆ ಎತ್ತುತ್ತ ಹೋದರೆ ಎಷ್ಟು ಎತ್ತಬಹುದು? ಹೆಚ್ಚು ಕಡಿಮೆ ಮೂರು ಸಾವಿರದ ಆರುನೂರು!" ಎಂದೆ. ಅಪ್ಪನ ಬಾಯಿ ತೆರೆದೇ ಉಳಿಯಿತು. ಕೈ ತಾನಾಗಿಯೇ ಹೆಗಲ ಮೇಲೆ ಹೋಯಿತು. ತಲೆಯೆತ್ತಿ ಮಾಡಿನ ಬಲ್ಬನ್ನು ನೋಡುತ್ತ ಕೂತುಬಿಟ್ಟ. ನಾನು ಉಬ್ಬಿಹೋದೆ. "ಅದನ್ನೇ ಒಂದು ಮಂಡಕ್ಕಿ ಕಾಳೆತ್ತುವ ಅಳತೆ ಎರ್ಗಿನಲ್ಲಿ ಹೇಳಿದರೆ ಮೂವತ್ತಾರರ ಮುಂದೆ ಹನ್ನೆರಡು ಸೊನ್ನೆ" ಎಂದು ಬೋರ್ಡಿನ ಆ ತುದಿಯಿಂದ ಈ ತುದಿಗೆ ಸೊನ್ನೆ ಸುತ್ತಿದೆ. ಇಂಜಿನಿಯರುಗಳು ತಲೆದೂಗಿದರು.

ಅಪ್ಪ ಎದ್ದು ನಿಂತ. "ಮಾಸ್ತರ್ರೇ, ತಪ್ಪು ತಿಳೀಬ್ಯಾಡ್ರಿ. ಹದಿಮೂರು ಬಿದ್ದಾವೆ ನೋಡ್ರಿ."

ಎಣಿಸಿದೆ. ಹದಿಮೂರೇ. ಆದದ್ದೇನೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಅಪ್ಪ ಎದುರಿಗಿದ್ದನಲ್ಲ, ಮೊದಲ ಸೊನ್ನೆಗೆ ನನ್ನ ನಾಲಿಗೆ ತಾನಾಗಿ 'ಲಾಭ' ಎಂದಿತ್ತು. ನನ್ನೊಳಗಿನ ಮಾಸ್ತರ ಮುಂದಿನದಕ್ಕೆ 'ಒಂದು' ಎಂದು ಶುರುಮಾಡಿದ್ದ. ಒಂದು ಸೊನ್ನೆ ಎಂದರೆ ಹತ್ತು ಪಟ್ಟು! ಆ ಯೂನಿಟ್ಟಿನ ಮೇಲೆ ಮೂವತ್ತೆರಡು ಸಾವಿರ ಚೀಲ ಸುಮ್ಮನೆ ಹೇರಿದ್ದೆ. ಎಲ್ಲರೂ ನಕ್ಕರು, ಕೊನೆಗೆ ನಾನೂ ನಕ್ಕೆ. ಆದರೆ ಸೊನ್ನೆ ಅಳಿಸುವಾಗ ಕಿವಿಯಲ್ಲಿ ಉಳಿದದ್ದು ಅಪ್ಪನ ಆ 'ರಿ'. ಹುಟ್ಟಿದಾಗಿನಿಂದ ಅವನು ನನಗೆ ಬಹುವಚನ ಹಚ್ಚಿದವನಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಬೆರಳು ಮಡಚುತ್ತ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ನಾನು ದಿನಾ ಇನ್ನೂರು ಚೀಲ ಎತ್ತಿರಬೇಕು. ನಲವತ್ತು ವರ್ಷದಾಗೆ ಎಷ್ಟು ಯೂನಿಟ್ ಆತೋ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ವರ್ಷಕ್ಕೆ ಮುನ್ನೂರು ದಿನ ಹಿಡಿದರೂ ಆರುನೂರ ಐವತ್ತರ ಆಸುಪಾಸು. ನಮ್ಮ ಮನೆಯ ಎರಡು ಬಲ್ಬು, ಒಂದು ರೇಡಿಯೋ ಐದಾರು ವರ್ಷದಲ್ಲಿ ತಿಂದುಹಾಕುವಷ್ಟು. ಬಾಗಿದ ಆ ಬೆನ್ನಿಗೆ ಇದನ್ನು ಹೇಗೆ ಹೇಳುವುದು? ಕಿಟಕಿಯ ಕಡೆ ಮುಖ ತಿರುಗಿಸಿ, "ಆರು ಸಾವಿರದ ಐನೂರು" ಎಂದೆ.

"ಮತ್ತೆ ಒಂದು ಸೊನ್ನೆ ಹೆಚ್ಚಿಗೆ ಹಾಕಿದ್ಯಲ್ಲೋ" ಎಂದ ಅಪ್ಪ. "ಹದಿನೆಂಟು ದಿನಕ್ಕೆ ಒಂದು ಯೂನಿಟ್. ನಾನಾಗ್ಲೇ ಲೆಕ್ಕ ಹಾಕೀನಿ, ಆರುನೂರು ಚಿಲ್ರೆ ಆಗ್ತೈತೆ." ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಅವನಿಗೆ ಬೇಸರವಾದಂತೆಯೇ ಕಾಣಲಿಲ್ಲ. "ಅದಿರ್ಲಿ, ಮಂಡಕ್ಕಿ ಎತ್ತೋ ಸಣ್ಣ ಅಳತೆ ಹೇಳಿದ್ಯಲ್ಲ, ಅದ್ರಾಗೆ ಹೇಳು ನೋಡನ."

ಭಾಷಣದ ಚೀಟಿಯ ಹಿಂದೆ ಬರೆದು ತೋರಿಸಿದೆ. ಇನ್ನೂರ ಮೂವತ್ತನಾಲ್ಕು, ಅದರ ಮುಂದೆ ಹದಿನಾಲ್ಕು ಸೊನ್ನೆ. "ಇನ್ನೂರ ಮೂವತ್ತನಾಲ್ಕು ಕೋಟಿ ಕೋಟಿ, ಅಪ್ಪ."

"ಕೋಟಿ ಕೋಟಿನಾ? ಇಷ್ಟೂ ನಾನೇ ಎತ್ತಿದ್ದಾ?"

ಬಲ್ಬು ನೋಡಿದಾಗ ಅರಳಿದ್ದ ಮುಖವೇ ಮತ್ತೆ ಅರಳಿತು. ಚೀಟಿಯನ್ನು ತೊಡೆಯ ಮೇಲಿಟ್ಟು, ಒಂದೊಂದು ಸೊನ್ನೆಯ ಮೇಲೂ ಆ ಒರಟು ಬೆರಳಿಟ್ಟು ಎಣಿಸಿದ: "ಲಾಭ... ಎರಡು... ಮೂರು..." ನನ್ನ ಕಣ್ಣು ಮಂಜಾಯಿತು. ಹದಿನಾಲ್ಕಕ್ಕೆ ನಿಲ್ಲಿಸಿ, ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. "ನಿಂದೂ ಅಳೆಯೋ ಕೆಲಸನೇ ಬಿಡಪ್ಪ. ಕೈ ಒಂದು ಕುದುರಬೇಕು, ಅಷ್ಟೆ."

ಅವನ ಜೊತೆಗೆ ನಾನೂ ಮನಸ್ಸಿನಲ್ಲೇ 'ಲಾಭ, ಒಂದು, ಎರಡು' ಎಂದು ಎಣಿಸುತ್ತ ಬಂದಿದ್ದೆ. ನನ್ನದು ಹದಿಮೂರಕ್ಕೇ ಮುಗಿದಿತ್ತು.