ಬಿಟ್ಟುಗಳಿಗೊಂದು ಬೀರು

ಕೆಲಸ ಮಾಡುವುದಕ್ಕಿಂತ ಕೆಲಸಕ್ಕೆ ಸಿದ್ಧವಾಗುವುದರಲ್ಲೇ ಹೆಚ್ಚು ಸುಖವಿದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಒಗ್ಗರಣೆಗೆ ಮೊದಲು ಒಲೆಕಟ್ಟೆ ಒರೆಸುವುದು, ಉತ್ತರಪತ್ರಿಕೆ ತಿದ್ದುವ ಮೊದಲು ಮನೆಯಲ್ಲಿರುವ ಕೆಂಪು ಪೆನ್ನುಗಳನ್ನೆಲ್ಲ ಗೀಚಿ ನೋಡುವುದು, ಊರಿಗೆ ಹೊರಡುವ ಮೊದಲು ಬ್ಯಾಗಿನ ಜಿಪ್ಪಿಗೆ ಮೇಣದಬತ್ತಿ ಸವರುವುದು, ಇವುಗಳಲ್ಲಿರುವ ನೆಮ್ಮದಿ ಆಮೇಲಿನ ಅಡುಗೆಯಲ್ಲಾಗಲಿ ತಿದ್ದುವುದರಲ್ಲಾಗಲಿ ಪ್ರಯಾಣದಲ್ಲಾಗಲಿ ಇಲ್ಲ. ಕೆಲಸ ಶುರುವಾದರೆ ತಪ್ಪುಗಳೂ ಶುರುವಾಗುತ್ತವೆ. ತಯಾರಿಯಲ್ಲಿರುವವರೆಗೆ ಎಲ್ಲರೂ ನಿಪುಣರೇ. ಇಷ್ಟು ಪೀಠಿಕೆ ಯಾಕೆಂದರೆ, ಮನೆಗೆ ಬಂದ ಹಸುಗೂಸಿಗೆ ತೊಟ್ಟಿಲು ಮಾಡಿಕೊಡುತ್ತೇನೆಂದು ಒಪ್ಪಿಕೊಂಡು, ಅದನ್ನು ಮುಕ್ಕಾಲಿಗೆ ನಿಲ್ಲಿಸಿ, ನಾನು ಬೀರು ಮಾಡಲು ಕೂತವಳು. ಅದೂ ಬಟ್ಟೆಯ ಬೀರುವಲ್ಲ, ಪುಸ್ತಕದ್ದೂ ಅಲ್ಲ. ರೂಟರ್ ಬಿಟ್ಟುಗಳ ಬೀರು.

ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು. ನನ್ನ ಗಂಡ ಪರಮೇಶಿ ಬಸ್ ಕಂಡಕ್ಟರು, ಹೊಸದುರ್ಗದ ರೂಟು. ಒಮ್ಮೆ ಊಟದ ಮೇಜಿನ ಕಾಲು ಅಲ್ಲಾಡುತ್ತಿದೆಯೆಂದು ಮೊಬೈಲಿನಲ್ಲಿ ವಿಡಿಯೊ ನೋಡಲು ಹೋಗಿ, ಮೇಜಿನ ಕಾಲು ಹಾಗೇ ಅಲ್ಲಾಡುತ್ತಿರುವಾಗಲೇ ನನಗೆ ಮರಗೆಲಸದ ಹುಚ್ಚು ಹಿಡಿಯಿತು. ಗರಗಸ ಬಂತು, ಡ್ರಿಲ್ಲು ಬಂತು, ಕೊನೆಗೆ ರೂಟರ್ ಬಂತು. ಇದು ಮನೆಗೆ ಇಂಟರ್ನೆಟ್ ಕೊಡುವ ರೂಟರ್ ಅಲ್ಲ. ಮರದ ಅಂಚನ್ನು ತಿರುಗುತ್ತಾ ಕೊರೆದು ಗುಂಡಗೆ ಮಾಡುವ, ಹಲಗೆಯಲ್ಲಿ ಉದ್ದಕ್ಕೆ ಗಾಡಿ ಎಂಬ ಕಾಲುವೆ ತೋಡುವ, ಹೂಬಳ್ಳಿಯ ಆಕಾರ ತೆಗೆಯುವ ಯಂತ್ರ. ಅದರ ಬಾಯಿಗೆ ಸಿಕ್ಕಿಸುವ ಉಕ್ಕಿನ ಹಲ್ಲುಗಳೇ ಬಿಟ್ಟುಗಳು. ಒಂದೊಂದು ಆಕಾರಕ್ಕೆ ಒಂದೊಂದು ಬಿಟ್ಟು. ತಾಳ್ಯದಲ್ಲಿ ಹುಟ್ಟಿ ಬೆಳೆದ ನಮ್ಮತ್ತೆ ಬಂದವರಿಗೆಲ್ಲ ಇದನ್ನು ಒಂದೇ ಮಾತಿನಲ್ಲಿ ವಿವರಿಸುತ್ತಿದ್ದರು: "ಅವಂದು ರೂಟು, ಇವಳ್ದು ರೂಟರು. ಇಬ್ರೂ ಮನೇಲಿ ನಿಲ್ಲಲ್ಲ ಕಣವ್ವ."

ಬಿಟ್ಟು ಎಂಬ ಪದವೇ ಅಪಾಯದ್ದು. ಪರೀಕ್ಷೆ ಹತ್ತಿರವಾಗಿದ್ದ ಒಂದು ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ಕೂತು ಅತ್ತೆಗೆ ಫೋನು ಮಾಡಿದ್ದೆ. ಕೊರಿಯರ್ ಬರುವುದಿತ್ತು. "ಬಿಟ್ಟು ಬಂದ್ವಾ ಅತ್ತೆ? ಯಾರಿಗೂ ಕೊಡಬೇಡಿ. ಸಣ್ಣವೆಲ್ಲ ಒಂದು ಕಡೆ, ದೊಡ್ಡವೆಲ್ಲ ಒಂದು ಕಡೆ ಇಡಿ. ಬೇಕಾದಾಗ ಥಟ್ಟನೆ ಕೈಗೆ ಸಿಗಬೇಕು," ಎಂದು ಹೇಳಿ ತಿರುಗಿದರೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದಾರೆ. ನಮ್ಮ ಕಡೆ ಮಕ್ಕಳು ಪರೀಕ್ಷೆಗೆ ಕದ್ದೊಯ್ಯುವ ಚೀಟಿಗೂ ಬಿಟ್ಟು ಅಂತಲೇ ಹೆಸರು. ಅವರು ಬಹಳ ಮೆಲ್ಲಗೆ, "ಮೇಡಂ, ನೀವೂನಾ?" ಎಂದರು. ಮರುದಿನ ಒಂದು ಬಿಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದು ತೋರಿಸಿದ ಮೇಲೂ ಅವರ ಅನುಮಾನ ಪೂರ್ತಿ ಹೋದಂತೆ ಕಾಣಲಿಲ್ಲ. ಆ ವರ್ಷ ನನ್ನನ್ನು ಪರೀಕ್ಷಾ ಕೊಠಡಿಗೆ ಹಾಕದೆ ಕುಡಿಯುವ ನೀರಿನ ವ್ಯವಸ್ಥೆಗೆ ಹಾಕಿದರು.

ಬಂದ ಬಿಟ್ಟುಗಳಿಗೆ ಮನೆಯಲ್ಲಿ ನೆಲೆಯಿರಲಿಲ್ಲ. ಸಾಸಿವೆ ಡಬ್ಬಿಯಲ್ಲಿ ಒಂದು, ದೇವರ ಮನೆಯ ಬತ್ತಿ ಬಟ್ಟಲಲ್ಲಿ ಒಂದು, ನನ್ನ ಸ್ಕೂಲ್ ಬ್ಯಾಗಿನ ತಳದಲ್ಲಿ ಕಂಪಾಸ್ ಪೆಟ್ಟಿಗೆಯ ಜೊತೆ ಕೆಲವು. ಒಂದನ್ನು ಹೊಸದುರ್ಗದಲ್ಲಿ ಸಾಣೆ ಹಿಡಿಸಿ ತರಲೆಂದು ಪರಮೇಶಿಯವರ ಚರ್ಮದ ಬ್ಯಾಗಿಗೆ ಹಾಕಿ, ಹಾಕಿದ್ದನ್ನು ಅವರಿಗೆ ಹೇಳುವುದನ್ನು ಮರೆತಿದ್ದೆ. ಮಾಡದಕೆರೆಯ ಅಜ್ಜಿಯೊಬ್ಬರಿಗೆ ಚಿಲ್ಲರೆ ಕೊಡಲು ಬ್ಯಾಗಿಗೆ ಕೈ ಹಾಕಿದವರು "ಅಯ್ಯಯ್ಯೋ" ಎಂದು ಕೂಗಿದ ಕೂಗಿಗೆ ಡ್ರೈವರು ಬಸ್ಸು ನಿಲ್ಲಿಸಿದ್ದನಂತೆ. ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದ ಪರಮೇಶಿ ಬಿಟ್ಟನ್ನು ನನ್ನೆದುರು ಇಟ್ಟು, "ಲೇ, ನಾನು ದಿನಾ ಎಷ್ಟು ಜನಕ್ಕೆ ಜಾಗ ಮಾಡಿಕೊಡ್ತೀನಿ. ನೀನು ಇವಕ್ಕೊಂದು ಜಾಗ ಮಾಡಕ್ಕಾಗಲ್ವಾ?" ಎಂದರು. ಗಾಯಕ್ಕಿಂತ ಆ ಮಾತಿನಲ್ಲಿದ್ದ ದುಃಖ ನನ್ನನ್ನು ಕಲಕಿತು. ಜೊತೆಗೆ, ಸತ್ಯ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಆಯಿತು. ಬೀರು ಮಾಡಲು ಒಂದು ನೆಪ ಸಿಕ್ಕಿತ್ತು.

ಆ ಹೊತ್ತಿಗೆ ತೊಟ್ಟಿಲಿನ ಕೆಲಸ ನಡೆಯುತ್ತಿತ್ತು. ನನ್ನ ನಾದಿನಿ ಕಾವ್ಯ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು, ತಲೆತುಂಬ ಕೂದಲು. ಅವಳ ಗಂಡನ ಮನೆ ಹಿರಿಯೂರು. ಅವಳ ಅತ್ತೆ, ಅಂದರೆ ನಮ್ಮತ್ತೆಯ ಬೀಗಿತ್ತಿ ರತ್ನಮ್ಮ, ಗಟ್ಟಿ ಹೆಂಗಸು. ಮದುವೆಯ ದಿನ ಹೋಳಿಗೆಯ ಹೂರಣ ಗಂಟುಗಂಟಾಗಿದೆ ಎಂದು ಪಂಕ್ತಿಯಲ್ಲೇ ಹೇಳಿದ್ದರು. ಅಂದಿನಿಂದ ಇಬ್ಬರು ಬೀಗಿತ್ತಿಯರೂ ಫೋನಿನಲ್ಲಿ "ಚೆನ್ನಾಗಿದೀರಾ", "ಚೆನ್ನಾಗಿದೀವಿ" ದಾಟಿ ಮುಂದೆ ಹೋದದ್ದಿಲ್ಲ. ಕೂಸು ಹುಟ್ಟಿದ ಸುದ್ದಿ ಹೇಳುವಾಗ ಮಾತ್ರ ಅತ್ತೆ ಒಂದು ಹೆಜ್ಜೆ ಮುಂದೆ ಹೋಗಿ, "ತೊಟ್ಟಿಲು ಅಂಗಡಿದಲ್ಲ ಬೀಗ್ತೇರೇ, ನಮ್ಮ ಸೊಸೇನೇ ಮಾಡ್ತಾಳೆ. ನೋಡಕ್ಕೆ ಎರಡು ಕಣ್ಣು ಸಾಲಲ್ಲ," ಎಂದುಬಿಟ್ಟರು. ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ನನಗೆ ಈಳಿಗೆಮಣೆ ತಿರುಗಿದಂತಾಯಿತು.

ತೊಟ್ಟಿಲಿನ ಚೌಕಟ್ಟು ಬೇಗ ನಿಂತಿತು. ಕಂಬಿಗಳೂ ಕೂತವು. ಉಳಿದದ್ದು ಅಂಚುಗಳನ್ನು ಗುಂಡಗೆ ಮಾಡುವುದೊಂದೇ. ಕೈಯಾಡಿಸಿದರೆ ಚುರುಕ್ ಎನ್ನುವಂಥ ಚೂಪು ಅಂಚು. ಅದಕ್ಕೆಂದೇ ದುಂಡನೆಯ ಬಿಟ್ಟೊಂದನ್ನು ತರಿಸಿದ್ದೆ. ಸಿಕ್ಕಿಸಿ ಓಡಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಗಂಡನ ಬೆರಳಿನ ಬ್ಯಾಂಡೇಜು ಕಣ್ಣೆದುರಿಗಿತ್ತು. ಮೊದಲು ಬಿಟ್ಟುಗಳಿಗೆ ಮನೆ, ಆಮೇಲೆ ಕೂಸಿಗೆ ತೊಟ್ಟಿಲು ಎಂದು ತೀರ್ಮಾನಿಸಿದೆ. ನಾಮಕರಣಕ್ಕೆ ಇನ್ನೂ ದಿನಗಳಿದ್ದವಲ್ಲ.

ಬೀರುವನ್ನು ನಾನು ಕಟ್ಟಿದ ರೀತಿ ನೋಡಿದ್ದರೆ ದೇವಸ್ಥಾನ ಕಟ್ಟುವವರೂ ನಾಚಬೇಕಿತ್ತು. ತಾಳ್ಯದ ಹಳೇ ಮನೆಯ ಅಟ್ಟದ ಹಲಗೆಗಳನ್ನು ಅತ್ತೆ ಕೊಡಿಸಿದರು. ಮೂರು ಡ್ರಾಯರು. ಒಂದೊಂದರ ತಳದಲ್ಲೂ ಬಿಟ್ಟಿನ ಕಾಂಡ ನಿಲ್ಲುವಂತೆ ಸಾಲುಸಾಲು ತೂತು. ಪರಮೇಶಿ ಪಕ್ಕದಲ್ಲಿ ಕೂತು ತಮ್ಮ ವೃತ್ತಿಯ ಸಲಹೆ ಕೊಡುತ್ತಿದ್ದರು: "ಮಧ್ಯೆ ಇಷ್ಟು ಜಾಗ ಯಾಕೆ ಬಿಡ್ತೀಯ? ಇನ್ನೂ ನಾಲ್ಕು ನಿಲ್ತಾವೆ. ಒಳಗೆ ಸರೀರಿ ಅಂದ್ರೆ ಸರೀತಾವೆ." ನಾನು ಕೇಳಲಿಲ್ಲ. ಗಣಿತದವಳಿಗೆ ಅಂತರ ಅಂದರೆ ಅಂತರವೇ. ಆದರೆ ಎಲ್ಲಿ ಅಂತರ ಬಿಡಬೇಕಿತ್ತೋ ಅಲ್ಲಿ ಮಾತ್ರ ಬಿಡಲಿಲ್ಲ. ಡ್ರಾಯರು ಗೂಡಿನೊಳಗೆ ಕೂದಲೆಳೆಯೂ ತೂರದಂತೆ ಕೂರಬೇಕೆಂದು ಉಜ್ಜಿ ಉಜ್ಜಿ ಹೊಂದಿಸಿದೆ. ಒಳಗೆ ತಳ್ಳಿದರೆ ಗಾಳಿ ಉಸ್ಸೆಂದು ಹೊರಬರುತ್ತಿತ್ತು. ಆ ಉಸ್ಸನ್ನು ಕೇಳಿಸಲು ಪಕ್ಕದ ಮನೆಯವರನ್ನೂ ಕರೆದೆ. ಬಾಣಂತಿ ಕೋಣೆಯಿಂದ ಕಾವ್ಯ, "ಅತ್ತಿಗೆ, ನಿಮ್ಮ ಬಿಟ್ಟುಗಳಿಗೆ ಗೃಹಪ್ರವೇಶ ಆಯ್ತು. ನನ್ನ ಮಗಳಿನ್ನೂ ಚಾಪೆ ಮೇಲೇ ಅವಳೆ," ಎಂದು ಕೂಗಿದಳು. "ನಾಳೆಯಿಂದ ಅದೇ ಕೆಲಸ," ಎಂದು ಬಿಟ್ಟುಗಳನ್ನೆಲ್ಲ ಒಂದೂ ಹೊರಗುಳಿಯದಂತೆ ಒಳಗಿಟ್ಟು, ಮೂರೂ ಡ್ರಾಯರು ಮುಚ್ಚಿ ಮಲಗಿದೆ.

ಆ ರಾತ್ರಿಯಿಂದ ಜಡಿಮಳೆ ಹಿಡಿಯಿತು. ನಮ್ಮ ಸೀಮೆಗೆ ಮಳೆಯೆಂದರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಸಮುದ್ರದಲ್ಲಿ ಎಲ್ಲೋ ಸೈಕ್ಲೋನ್ ಎದ್ದರೆ ನೆಂಟರ ಹಾಗೆ ಬಂದು ಕೂತುಬಿಡುತ್ತದೆ. ಬಟ್ಟೆ ಒಣಗಲಿಲ್ಲ, ಹಪ್ಪಳ ಮೆತ್ತಗಾಯಿತು, ಮರ ಉಬ್ಬಿತು. ಮಳೆ ಸ್ವಲ್ಪ ಹೊಳವಾದ ದಿನ ಹಜಾರದಲ್ಲಿ ತೊಟ್ಟಿಲನ್ನು ನಿಲ್ಲಿಸಿ, ರೂಟರಿಗೆ ಕರೆಂಟು ಕೊಟ್ಟು, ದುಂಡನೆಯ ಬಿಟ್ಟಿಗೆಂದು ಮೇಲಿನ ಡ್ರಾಯರನ್ನು ಎಳೆದೆ. ಬರಲಿಲ್ಲ. ನಡುವಿನದನ್ನು ಎಳೆದೆ. ಅದೂ ಬರಲಿಲ್ಲ. ಕೆಳಗಿನದಕ್ಕೆ ಕೂತುಕೊಂಡು, ಗೋಡೆಗೆ ಕಾಲು ಕೊಟ್ಟು ಎಳೆದೆ. ಬೀರುವೇ ನನ್ನ ಮಡಿಲಿಗೆ ಬಂತು, ಡ್ರಾಯರು ಬರಲಿಲ್ಲ. ಅವತ್ತು ರಜೆಯಲ್ಲಿದ್ದ ಪರಮೇಶಿ, "ಸರಿ ಆಚೆ, ಬಾಗಿಲು ತೆಗೆಯೋದು ನನ್ನ ಕೆಲಸ," ಎಂದು ಬಂದು ಹಿಡಿ ಹಿಡಿದು ಜಗ್ಗಿದರು. ಹಿಡಿ ಕಿತ್ತು ಕೈಗೆ ಬಂತು. ಅವರು ಹಿಂದಕ್ಕೆ ಬಿದ್ದು, ನೆಲದ ಮೇಲಿಂದಲೇ ಹಿಡಿಯನ್ನು ನೋಡುತ್ತಾ, "ಲೇ, ಒಳಗಿರೋರು ಇಳಿಯಲ್ಲ ಅಂತಾ ಅವ್ರೆ," ಎಂದರು.

ಹಿಂದಿನ ಹಲಗೆ ಬಿಚ್ಚೋಣವೆಂದರೆ ಸ್ಕ್ರೂ ಹಾಕದೆ ಭದ್ರವಾಗಿ ಅಂಟಿಸಿದ್ದೆ. ಬೇರೆ ಬಿಟ್ಟು ತರಿಸೋಣವೆಂದರೆ ಚಿತ್ರದುರ್ಗದ ಅಂಗಡಿಯವರು ಆರ್ಡರ್ ಹಾಕಬೇಕು ಎಂದರು. ನಾಮಕರಣ ನಾಡಿದ್ದು. ಬಡಗಿಯನ್ನು ಕರೆಸೋಣವೆಂದರೆ ಅತ್ತೆ ಹಿರಿಯೂರಿನವರೆಗೆ 'ನಮ್ಮ ಸೊಸೇನೇ' ಎಂದು ಸಾರಿಬಿಟ್ಟಿದ್ದಾರೆ. ಉಳಿದದ್ದು ಒಂದೇ ದಾರಿ. ಸುತ್ತಿಗೆ ತಂದೆ. ಎತ್ತಿದೆ. ಆ ನುಣುಪು ಮುಖ, ಆ ಸಂದಿಲ್ಲದ ಸಂದುಗಳು! ಕೈ ಇಳಿಯಲಿಲ್ಲ. ಕೂಸಿಗಿಂತ ಬೀರು ಹೆಚ್ಚಾಯಿತೇ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಇಳಿಯಲಿಲ್ಲ. ಸುತ್ತಿಗೆ ಎತ್ತಿಕೊಂಡು ನಿಂತಿದ್ದ ಹೆಂಗಸಿನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅತ್ತೆ ಅಡುಗೆಮನೆಯಿಂದ ಎದ್ದು ಬಂದರು. ನನ್ನ ಕೈಯಿಂದ ಸುತ್ತಿಗೆ ಇಸಿದುಕೊಂಡು, "ಬ್ಯಾಡ ಬಿಡವ್ವ. ಅಷ್ಟು ಮುತುವರ್ಜಿಯಿಂದ ಮಾಡಿದ್ದನ್ನ ಯಾರಾದ್ರೂ ಒಡೀತಾರಾ? ಆ ಮಷೀನು ಹುಟ್ಟೋಕೆ ಮುಂಚೆ ಕೂಸುಗಳೇನು ಮರದ ಕೊಂಬೆ ಮ್ಯಾಲೆ ಮಲಗ್ತಿದ್ವಾ? ಆ ಉಜ್ಜೋ ಕಾಗದ ತಾ," ಎಂದರು.

ಹೀಗೆ ನಾನು, ಅತ್ತೆ, ಪರಮೇಶಿ ಮೂವರೂ ಸ್ಯಾಂಡ್‌ಪೇಪರ್ ಹಿಡಿದು ತೊಟ್ಟಿಲಿನ ಸುತ್ತ ಕೂತೆವು. ಮೈಮೇಲೆಲ್ಲ ಮರದ ಹಿಟ್ಟು. ಮಾರನೆಯ ದಿನ ಮಧ್ಯಾಹ್ನವಾದರೂ ಉಜ್ಜುವುದು ಮುಗಿದಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಮಳೆಯಲ್ಲಿ ಬಸ್ಸು ಸಿಗುತ್ತದೋ ಇಲ್ಲವೋ ಎಂದು ರತ್ನಮ್ಮ ಒಂದು ದಿನ ಮೊದಲೇ ಬಂದಿಳಿದಿದ್ದರು. ಅತ್ತೆಯ ಮುಖ ಹೂರಣದ ದಿನದ ಹಾಗಾಯಿತು. "ಬರ್ರಿ ಬೀಗ್ತೇರೇ, ಕುಂತ್ಕಳ್ರಿ," ಎಂದರೇ ಹೊರತು ಕೂರಲು ಎಲ್ಲಿಯೂ ಹಿಟ್ಟಿಲ್ಲದ ಜಾಗ ಇರಲಿಲ್ಲ. ರತ್ನಮ್ಮ ಮೊದಲು ಮೊಮ್ಮಗಳನ್ನು ನೋಡಿ ಬಂದರು. ಆಮೇಲೆ ತೊಟ್ಟಿಲಿನ ಅಂಚಿನ ಮೇಲೆ ಬೆರಳಾಡಿಸಿದರು. ನಾವು ಮೂವರೂ ಉಸಿರು ಹಿಡಿದೆವು.

"ಇನ್ನೂ ಒರಟೈತೆ," ಎಂದರು.

ನಾನೇ ಬೀರುವಿನ ಕಡೆ ಕೈ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಪರಮೇಶಿ ಸಾಕ್ಷಿಗೆಂದು ಕಿತ್ತುಬಂದ ಹಿಡಿಯನ್ನು ತೋರಿಸಿದರು. ರತ್ನಮ್ಮ ಬೀರುವಿನ ಬಳಿ ಹೋಗಿ ತಾವೂ ಒಮ್ಮೆ ಉಗುರು ಸಿಕ್ಕಿಸಿ ಎಳೆದು ನೋಡಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೋ ಏನೋ ಎಂದುಕೊಂಡೆ. ತಿರುಗಿದಾಗ ನೋಡಿದರೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಾರೆ. "ನನ್ನ ಮದುವೇಲಿ ಕೊಟ್ಟ ಟ್ರಂಕು ಹಿಂಗೇ ಮಾಡ್ತು ಕಣ್ರಿ. ಸೀರೆಯೆಲ್ಲ ಒಳಗೆ. ತಿಂಗಳೊಪ್ಪತ್ತು ನಮ್ಮತ್ತೆ ಸೀರೆನೇ ಉಟ್ಕಂಡು ಓಡಾಡಿದೀನಿ," ಎಂದು ಹೇಳುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರು. "ತರ್ರಿ, ನನಗೂ ಒಂದು ಚೂರು ಕಾಗದ."

ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ತೊಟ್ಟಿಲಿನ ಆ ಕಡೆ ಹಿರಿಯೂರು, ಈ ಕಡೆ ತಾಳ್ಯ. ಮೊದಲು ಇಬ್ಬರೂ ತಮ್ಮ ತಮ್ಮ ಬದಿಯನ್ನಷ್ಟೇ ಉಜ್ಜಿದರು. ಆಮೇಲೆ ರತ್ನಮ್ಮ ಅತ್ತೆಯ ಬದಿಯನ್ನು ಮುಟ್ಟಿ, "ನಿಮ್ಮ ಕಡೆ ಗಂಟು ಉಳಕಂಡೈತೆ," ಎಂದರು. ಅತ್ತೆ ತಟ್ಟನೆ, "ನಮ್ಮ ಕಡೆ ಗಂಟು ನಿಮ್ಮ ಕಣ್ಣಿಗೆ ಬೇಗ ಬೀಳ್ತಾವೆ ಬಿಡ್ರಿ. ಹೂರಣದಾಗೂ ಬಿದ್ದಿದ್ವು," ಎಂದರು. ನನ್ನ ಕೈಯಲ್ಲಿದ್ದ ಕಾಗದ ನಿಂತಿತು. ರತ್ನಮ್ಮ ಅಂಚನ್ನು ಮತ್ತೆ ಉಜ್ಜತೊಡಗಿ, "ಅವತ್ತು ನನಗೆ ಹಲ್ಲು ನೋವು ಕಣ್ರಿ. ಹೂರಣ ಅಲ್ಲ, ಪಾಯಸ ಕೊಟ್ಟಿದ್ರೂ ಗಂಟು ಅಂತಿದ್ದೆ. ಮದುವೆ ಮನೇಲಿ ಹಲ್ಲು ನೋವು ಅಂತ ಯಾರಿಗೆ ಹೇಳ್ಲಿ?" ಎಂದರು. ಅತ್ತೆ ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಹೊರಗೆ ಬಂದಾಗ ಅವರ ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಲವಂಗ. "ಈಗ ಹೆಂಗೈತೆ ಹಲ್ಲು?" ಎಂದು ಕೇಳಿದರು. ಮದುವೆಯಾಗಿ ವರ್ಷಗಳು ಕಳೆದಿದ್ದವು. ರತ್ನಮ್ಮ ಮಾತ್ರ ಆ ಲವಂಗವನ್ನು ಭಕ್ತಿಯಿಂದ ತೆಗೆದುಕೊಂಡು ದವಡೆಯಲ್ಲಿಟ್ಟುಕೊಂಡರು.

ಆಮೇಲೆ ನನ್ನನ್ನೂ ಪರಮೇಶಿಯವರನ್ನೂ ಯಾರೂ ಹತ್ತಿರ ಸೇರಿಸಲಿಲ್ಲ. "ನೀನು ಸರಿಯವ್ವ, ನಿಂದು ಒತ್ತು ಜಾಸ್ತಿ," ಎಂದು ಅತ್ತೆ ನನ್ನನ್ನು ಎಬ್ಬಿಸಿದರು. ಬೀಗಿತ್ತಿಯರಿಬ್ಬರೂ ಉಜ್ಜುವುದು, ಬಗ್ಗಿ ಕೆನ್ನೆ ತಾಗಿಸಿ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ತಿಕ್ಕಿದಾಗ ಅಂಚು ನದಿಯ ಕಲ್ಲಿನ ಹಾಗೆ ಹೊಳೆಯಿತು. ಎಲ್ಲಿ ನೇರ ಮುಗಿದು ಎಲ್ಲಿ ದುಂಡು ಶುರುವಾಗುತ್ತದೆಂದು ಗಣಿತದವಳಿಗೂ ಹೇಳಲಾಗದು. ಮಾರನೇ ದಿನ ಕೂಸನ್ನು ಅದರಲ್ಲಿ ಮಲಗಿಸಿ, ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ತೂಗಿದರು. ಬಂದ ನೆಂಟರೆಲ್ಲ ಅಂಚು ಸವರಿ ಸವರಿ ನೋಡಿದರು. ಹಿರಿಯೂರಿನವರೊಬ್ಬರು, "ಯಾವ ಮಷೀನಲ್ಲಿ ಮಾಡಿದ್ರಿ ಮೇಡಂ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರತ್ನಮ್ಮ, "ಮಷೀನಿಂದು ಮಾತೇ ಇಲ್ಲ. ಎಲ್ಲಾ ಕೈಕೆಲಸ. ಇವರಿಗೆ ಮಷೀನು ಹಿಡಿಸಲ್ಲ," ಎಂದುಬಿಟ್ಟರು. ಅತ್ತೆ ಹೌದೆಂದು ತಲೆಯಾಡಿಸಿದರು. ಬೀಗಿತ್ತಿಯರು ಮೊದಲ ಬಾರಿಗೆ ಒಂದೇ ಮಾತಿನ ಮೇಲೆ ನಿಂತಿದ್ದಾರೆ. ಅದನ್ನು ಕೆಡಿಸಲು ನಾನ್ಯಾರು?

ಬಿಸಿಲು ಬಿದ್ದು ವಾರ ಕಳೆಯುವಷ್ಟರಲ್ಲಿ ಡ್ರಾಯರುಗಳು ತಾವಾಗಿಯೇ ಸಡಿಲವಾದವು. ಬದಿಗಳನ್ನು ಒಂದಿಷ್ಟು ಕೆರೆದು, ಮೇಣ ಸವರಿದೆ. ಈಗ ಬೆರಳು ತಾಗಿಸಿದರೆ ಸಾಕು, ಬೆಣ್ಣೆಯ ಹಾಗೆ ಜಾರಿ ಹೊರಬರುತ್ತವೆ. ಬಿಟ್ಟುಗಳು ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಆದರೆ ಕೆಲಸ? ಹಿರಿಯೂರಿನಿಂದ ಈಚೆಗೆ ಒಂದು ಮಣೆಗೆ, ಹೊಸದುರ್ಗದಿಂದ ಒಂದು ದೇವರ ಪೀಠಕ್ಕೆ ಬೇಡಿಕೆ ಬಂದಿದೆ. ಇಬ್ಬರದೂ ಒಂದೇ ಷರತ್ತು: "ಮೇಡಂ, ಆ ತೊಟ್ಟಿಲ ಥರ ಕೈಯಲ್ಲೇ ಉಜ್ಜಿಕೊಡ್ರಿ. ಮಷೀನು ಮುಟ್ಟಿಸಬ್ಯಾಡ್ರಿ." ಆಗಲಿ ಎಂದಿದ್ದೇನೆ. ಶಾಲೆಯಿಂದ ಬಂದ ಮೇಲೆ ಬೀರುವಿನ ಮುಂದೆ ಕೂರುತ್ತೇನೆ. ಒಂದು ಡ್ರಾಯರು ಎಳೆಯುತ್ತೇನೆ, ದುಂಡನೆಯ ಬಿಟ್ಟನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ಅದರ ತೂತಿಗೇ ಮರಳಿ ನಿಲ್ಲಿಸುತ್ತೇನೆ, ಡ್ರಾಯರು ಮುಚ್ಚುತ್ತೇನೆ. ಡ್ಯೂಟಿ ಮುಗಿಸಿ ಬಂದ ಪರಮೇಶಿ ಚಪ್ಪಲಿ ಬಿಡುತ್ತಾ ಕೇಳುತ್ತಾರೆ: "ಪೂಜೆ ಆಯ್ತಾ? ಮಂಗಳಾರತಿ ಆಗಿದ್ರೆ ಒಂದು ಲೋಟ ಟೀ ಸಿಗುತ್ತಾ?"