ಕೂರಿಗೆ ಇಲ್ಲದ ರೈತ

ಚಿಂತೆ ಮಾಡಲು ಕೆಲವರಿಗೆ ಕಾರಣ ಬೇಕು. ನನಗೆ ಬಿಡುವಿದ್ದರೆ ಸಾಕು. ಬಸ್ಸು ತಡವಾದರೆ ಎಲ್ಲೋ ಕೆಟ್ಟು ನಿಂತಿದೆ ಎಂದುಕೊಳ್ಳುತ್ತೇನೆ. ಸರಿಯಾದ ಹೊತ್ತಿಗೆ ಬಂದರೆ, ಇದು ಕುಷ್ಟಗಿಯ ಬಸ್ಸಾಗಿರಲಾರದು ಎಂದುಕೊಂಡು ಕಂಡಕ್ಟರನನ್ನು ಮೂರು ಸಲ ಕೇಳುತ್ತೇನೆ. ಇಂಥವನ ಕೈಗೆ ದೇವರು ಒಂಬತ್ತು ಮಕ್ಕಳನ್ನು ಕೊಟ್ಟ. ಗಾಬರಿಯಾಗಬೇಡಿ, ಒಂದು ತಾಸಿನ ಮಟ್ಟಿಗೆ.

ನನ್ನ ಹೆಂಡತಿ ಶಾಂತಾ ನಮ್ಮ ಸಣ್ಣ ಚರ್ಚಿನಲ್ಲಿ ಹನ್ನೊಂದು ವರ್ಷಗಳಿಂದ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಾಳೆ. ಈ ಸಲ ಗಂಟಲು ಕಟ್ಟಿತು. ಹದಿನೈದು ದಿನ ಮಾತೇ ಆಡಕೂಡದೆಂದರು ಡಾಕ್ಟರು. ಉಳಿದದ್ದು ಒಂದೇ ಭಾನುವಾರದ ಪಾಠ, ಅದರ ಮುಂದಿನ ಭಾನುವಾರವೇ ಸುಗ್ಗಿ ಹಬ್ಬ. ಅವಳ ಮಕ್ಕಳು ಇಡೀ ಸಭೆಯ ಮುಂದೆ ಬೈಬಲಿನ ಬಿತ್ತುವವನ ಸಾಮ್ಯವನ್ನು, ಅಂದರೆ ದೃಷ್ಟಾಂತದ ಕಥೆಯನ್ನು, ಹೇಳಬೇಕು. ಕಲಿಸುವ ಕೆಲಸ ನನ್ನ ತಲೆಗೆ ಬಂತು. ಹನ್ನೊಂದು ವರ್ಷದ ಅವಳ ಹೆಸರನ್ನು ನಾನು ಒಂದೇ ತಾಸಿನಲ್ಲಿ ಕೆಡಿಸುತ್ತೇನೆಂದು ಮೂರು ದಿನ ಊಟ ಸೇರಲಿಲ್ಲ. ಸೇರಲಿಲ್ಲವೆಂದರೆ, ಎರಡೇ ರೊಟ್ಟಿ.

ತರಗತಿಗೆ ಹಿಡಿ ಜೋಳ ಒಯ್ದಿದ್ದೆ. ಶಾಂತಾ ಪೆನ್ನು, ಚೀಟಿ ಹಿಡಿದು ಹಿಂದೆ ಕೂತಳು. "ಒಬ್ಬ ರೈತ ಬಿತ್ತಲು ಹೋದ" ಎಂದು ನೆಲದ ತುಂಬ ಎರಚಿದೆ. ಕೆಲವು ಕಾಳು ದಾರಿಯಲ್ಲಿ ಬಿದ್ದವು, ಹಕ್ಕಿ ತಿಂದವು. ಕೆಲವು ಕಲ್ಲಿನ ಮೇಲೆ, ಕೆಲವು ಮುಳ್ಳಿನೊಳಗೆ… ಒಳ್ಳೆಯ ನೆಲಕ್ಕೆ ಬರುವಷ್ಟರಲ್ಲಿ ಎಂಟು ವರ್ಷದ ದಾವೀದ ಎದ್ದು ನಿಂತ.

"ಅಲ್ರೀ ಸರ್ರ, ಹಾದ್ಯಾಗ ಯಾಕ ಬೀಳ್ತಾವ್ರಿ? ಕೂರಿಗಿ ಇರಲಿಲ್ಲೇನ್ರಿ ಅವಗ?"

ನಮ್ಮ ಕಡೆ ಜೋಳವನ್ನು ಎರಚುವುದಿಲ್ಲ. ಎತ್ತು ಕೂರಿಗೆ ಎಳೆಯುತ್ತವೆ. ಹಿಂದೆ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುತ್ತ, ಅದರ ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಡುತ್ತಾಳೆ. ಅದು ಕೊಳವೆಯಲ್ಲಿ ನೇರ ಮಣ್ಣಿಗೆ ಇಳಿಯುತ್ತದೆ. ಈ ಮಕ್ಕಳ ಅವ್ವಂದಿರು ಹಾಗೆ ಬಿತ್ತಿದವರು. ನಾನೋ ಕಚೇರಿಯವನು, ಹೊಲವನ್ನು ಪಹಣಿಯಲ್ಲಷ್ಟೇ ನೋಡಿದವನು.

"ಮುಳ್ಳಿನ್ಯಾಗ ಬಿತ್ಯಾನಂದ್ರ ಹೊಲ ಹರಗಿ ಹಸನ ಮಾಡೇ ಇಲ್ಲ ಅವ!" ಎಂದಳು ಒಬ್ಬಳು.

"ನಮ್ಮವ್ವ ಇದ್ದಿದ್ರ ಬೈದು ಮನಿಗೆ ಕಳಿಸ್ತಿದ್ಲು" ಎಂದ ಇನ್ನೊಬ್ಬ.

"ಅದು ಬ್ಯಾರೆ ದೇಶದ ಕಥಿರೋ" ಎಂದೆ.

"ಅಲ್ಲಿ ಬೀಜ ಪುಕ್ಕಟೆ ಸಿಗ್ತಾವೇನ್ರಿ?"

ಆ ಬೀಜ ದೇವರ ಮಾತು, ಬಿತ್ತುವವನು ಸ್ವತಃ ಸ್ವಾಮಿಯೇ ಎಂದು ಹೇಳುವ ಧೈರ್ಯ ಬರಲಿಲ್ಲ. ಅವನಿಗೆ ಒಕ್ಕಲುತನ ಬರುವುದಿಲ್ಲವೆಂದು ಒಂಬತ್ತು ಜನ ಆಗಲೇ ತೀರ್ಮಾನಿಸಿದ್ದರು. ಆಗ ಹಿಂದೆ ಕೂತಿದ್ದ ಶಾಂತಾ ಒಂದು ಚೀಟಿ ಕಳಿಸಿದಳು: "ನೀವು ಸುಮ್ಮನಿರ್ರಿ. ಅವ ಯಾಕ ಹಂಗ ಬಿತ್ತಿದ, ಅವರನ್ನ ಕೇಳ್ರಿ." ಮೊದಲ ವಾಕ್ಯವನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ, ಬರವಣಿಗೆಯಲ್ಲಿ ಸಿಕ್ಕಿದ್ದು ಅಂದೇ.

ಕೇಳಿದೆ. ಎಲ್ಲರೂ ದಾವೀದನ ಮುಖ ನೋಡಿದರು. ಕೊನೆಗೆ ಬಾಗಿಲ ಬಳಿಯ ಸಲೋಮಿ, ಎಂದೂ ಬಾಯಿ ಬಿಡದ ಏಳು ವರ್ಷದ ಹುಡುಗಿ, ಮೆಲ್ಲಗೆ ಅಂದಳು: "ಅವನ ಕಡೆ ಬೀಜ ಭಾಳ ಇದ್ದಿರಬೇಕ್ರಿ ಸರ್ರ. ತೀರೂದೇ ಇಲ್ಲಂದ್ರ ಕಲ್ಲಿಗೂ ಹಾಕ್ಯಾನ, ಹಾದಿಗೂ ಹಾಕ್ಯಾನ. ಹುಟ್ಟಿದ್ರ ಹುಟ್ಟಲಿ ಅಂತ."

ದಾವೀದ ಯೋಚಿಸಿದ. "ಹಂಗಾದ್ರ ಅಡ್ಡಿಯಿಲ್ಲ" ಎಂದು ಕೂತ.

ನಲವತ್ತು ವರ್ಷಗಳಿಂದ ಈ ಸಾಮ್ಯದ ಮೇಲೆ ಪ್ರಸಂಗ ಕೇಳಿದವನು ನಾನು. ನೆಲದ ಬಗ್ಗೆಯೇ, ಅಂದರೆ ಕೇಳುವವರ ಮನಸ್ಸಿನ ಬಗ್ಗೆಯೇ ಕೇಳಿದ್ದೆ, ಬೀಜದ ರಾಶಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಹೊರಳಿ ನೋಡಿದರೆ ಶಾಂತಾ ಕೈಯಲ್ಲಿ ಪೆನ್ನು ಹಿಡಿದು ಏನೂ ಬರೆಯದೆ ಕೂತಿದ್ದಳು. ಸುಮ್ಮನಿದ್ದು ಪಾಠ ಹೇಳುವ ವಿದ್ಯೆ ಅವಳಿಗೆ ಮೊದಲಿನಿಂದಲೂ ಇತ್ತು. ಅವಳ ಗಂಟಲು ಕಟ್ಟಿದ ಮೇಲೆ ನನಗೆ ತಿಳಿಯಿತು. ಹೋಗುವ ಮುಂಚೆ ಮಕ್ಕಳು ನೆಲದ ಮೇಲಿನ ಕಾಳನ್ನೆಲ್ಲ ಆಯ್ದು, ನನ್ನ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟರು. ನನ್ನ ಬಳಿ ಬೀಜ ಭಾಳ ಇಲ್ಲವೆಂಬುದು ಅವರಿಗೆ ಗೊತ್ತಾಗಿತ್ತು.

ಸುಗ್ಗಿ ಹಬ್ಬದ ದಿನ ಮುಂದಿನ ಸಾಲಿನಲ್ಲಿ ಒಕ್ಕಲುತನದ ಹಿರಿಯರೇ ಕೂತಿದ್ದರು. ಕೂರಿಗೆಯ ಮಾತು ಅವರೂ ಎತ್ತುತ್ತಾರೆಂದು ನಾನು ಬಾಗಿಲ ಬಳಿಯ ಜಾಗ ಹಿಡಿದೆ. ದಾವೀದ ಮೊದಲೇ ಹೇಳಿಬಿಟ್ಟ: "ಇವನ ಕಡೆ ಕೂರಿಗಿ ಇರಲಿಲ್ರಿ, ಬೀಜ ಭಾಳ ಇತ್ರಿ." ಸಲೋಮಿ ಉಳಿದದ್ದನ್ನು ಹೇಳಿದಳು. ತಲೆಗೆ ಪಟಕಾ ಸುತ್ತಿದ ಅಜ್ಜನೊಬ್ಬ "ಹೌದವ್ವಾ, ಖರೇ ಐತಿ" ಎಂದ. ನಾನು ಉಸಿರು ಬಿಟ್ಟೆ, ಆದರೆ ಸ್ವಲ್ಪ ಬೇಗ ಬಿಟ್ಟೆ.

"ಮುಳ್ಳಂದ್ರ ಏನ್ರಿ?" ಎಂದು ಎಂಟು ಮಕ್ಕಳು ಕೇಳಿದರು.

"ಮುಳ್ಳಂದ್ರ ಚಿಂತಿ!" ಎಂದ ದಾವೀದ, ಸಾಮ್ಯದಲ್ಲಿರುವ ಅರ್ಥವನ್ನೇ. ಒಂಬತ್ತೂ ಮಂದಿ ನನ್ನ ಕಡೆ ಬೆರಳು ತೋರಿಸಿದರು.

ಈ ಬೆರಳು ತೋರಿಸುವುದನ್ನು ನಾನು ಕಲಿಸಿರಲಿಲ್ಲ. ಶಾಂತಾ ಚೀಟಿ ಕಳಿಸಿದ್ದು ನನಗೊಬ್ಬನಿಗೇ ಅಲ್ಲ, ಮಕ್ಕಳಿಗೂ ಎಂದು ಆಗ ಹೊಳೆಯಿತು. ಸಭೆ ನಕ್ಕಿತು, ಎಲ್ಲರಿಗಿಂತ ಜೋರಾಗಿ ಶಾಂತಾ, ಅಷ್ಟು ದಿನ ದನಿಯೇ ಹೊರಡದ ಗಂಟಲಿನಿಂದ. ನಾನೂ ನಕ್ಕೆ. ನಗುನಗುತ್ತಲೇ ಹೊಸ ಚಿಂತೆ ಹತ್ತಿತು: ಡಾಕ್ಟರು ಮಾತಾಡಬಾರದೆಂದಿದ್ದರು, ನಗಬಹುದೋ ಬಾರದೋ ಎಂದು ಕೇಳಿಕೊಳ್ಳುವುದನ್ನೇ ಮರೆತಿದ್ದೆನಲ್ಲ!